ಕಲ್ಲಿಗೆ ಕೊಟ್ಟ ಪೆಟ್ಟು

ಬಾಗಲಕೋಟೆ ಜಿಲ್ಲೆಯ ಬೇವೂರಿನ ಸುತ್ತಣ ಸೀಮೆ ಕಲ್ಲಿಗೆ ಹೆಸರಾದುದು. ಒಂದು ಕಡೆ ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟ. ಇನ್ನೊಂದು ಕಡೆ ಇಳಕಲ್ಲಿನ ಕೆಂಪು ಗ್ರಾನೈಟಿನ ಗಣಿ. ಬಂಡೆಗೆ ಬೆಣೆಯಿಟ್ಟು ಸುತ್ತಿಗೆಯೆತ್ತುವ ಮೊದಲು ಅನುಭವಿಯಾದ ಕಲ್ಲುಕುಟಿಗನು ಅದರ ಸುತ್ತ ಒಂದು ಸಲ ನಡೆದು ಬರುತ್ತಾನೆ. ಕಲ್ಲಿನ ಎಳೆ ಯಾವ ಕಡೆಗೆ ಓಡಿದೆ, ಒಡೆದ ತುಂಡು ಎತ್ತ ಉರುಳೀತು, ಉರುಳುವ ಕಡೆ ಯಾರಾದರೂ ನಿಂತಿದ್ದಾರೆಯೆ ಎಂಬುದನ್ನು ನೋಡಿಕೊಂಡ ಮೇಲೆಯೇ ಮೊದಲ ಪೆಟ್ಟು. ಮೂತ್ರಪಿಂಡದೊಳಗೆ ಕುಳಿತ ಕಲ್ಲನ್ನು ಮೈಗೆ ಕತ್ತಿ ತಾಗಿಸದೆ, ಹೊರಗಿನಿಂದಲೇ ಆಘಾತ ತರಂಗಗಳಿಂದ ಒಡೆಯುವ ಚಿಕಿತ್ಸೆಯಲ್ಲಿಯೂ ಪ್ರಶ್ನೆಗಳು ಇವೇ ಮೂರು. ಕಲ್ಲು ಎಂಥದು? ಚೂರು ಎಲ್ಲಿಗೆ ಹೋದೀತು? ಪೆಟ್ಟಿನ ದಾರಿಯಲ್ಲಿ ಇನ್ನೇನಿದೆ? ಈ ಚಿಕಿತ್ಸೆಯಿಂದ ಕೇಡಾಗುವುದು ವಿರಳ. ವಿರಳವಾಗಿಯಾದರೂ ಆಗುವ ಕೇಡು ಎಂಥದೆಂಬುದನ್ನು ಮನೆಯವರು ಮೊದಲೇ ತಿಳಿದಿದ್ದರೆ ಒಂದು ಜೀವ ಉಳಿಯುವ ಪ್ರಸಂಗಗಳುಂಟು. ಆದುದರಿಂದ ಈ ವಾರದ ವಿಷಯ ಅದು.

ಕನ್ನಡ ಭಾಷೆ ಈ ರೋಗದ ವಿಷಯದಲ್ಲಿ ಕೊಂಚ ವಿನೋದವನ್ನೇ ಮಾಡಿದೆ ಎನ್ನಬೇಕು. ಉಂಗುರದಲ್ಲಿ ಮಿನುಗುವುದೂ ಹರಳು; ಮೂತ್ರಪಿಂಡದಲ್ಲಿ ಕುಳಿತು ಮನುಷ್ಯನನ್ನು ನೆಲದ ಮೇಲೆ ಹೊರಳಾಡಿಸುವುದೂ ಹರಳು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದರ ಹೆಸರು ಅಶ್ಮರಿ, ಅಶ್ಮವೆಂದರೆ ಕಲ್ಲು. ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮವನ್ನು ಸುಶ್ರುತ ಸಂಹಿತೆ ವಿವರವಾಗಿ ಹೇಳುತ್ತದೆ. ಆ ಪ್ರಕರಣದಲ್ಲಿ ಇಂದಿನವರೂ ನಿಂತು ಯೋಚಿಸತಕ್ಕ ಒಂದು ಮಾತಿದೆ. ಶಸ್ತ್ರ ಹಿಡಿಯದಿದ್ದರೆ ರೋಗಿಗೆ ಮರಣ ನಿಶ್ಚಿತ, ಹಿಡಿದರೆ ಫಲ ಸಂಶಯ; ಆದಕಾರಣ ವೈದ್ಯನು ಒಡೆಯನ ಅಪ್ಪಣೆ ಪಡೆದೇ ಮುಂದುವರಿಯತಕ್ಕದ್ದು ಎಂಬುದು ಅದರ ತಾತ್ಪರ್ಯ. ಅಂದು ಒಡೆಯನಿಂದ ಕೇಳುತ್ತಿದ್ದ ಒಪ್ಪಿಗೆಯನ್ನು ಇಂದು ರೋಗಿಯಿಂದಲೇ, ಅಚ್ಚು ಹಾಕಿದ ಕಾಗದದ ಮೇಲೆ, ರುಜುವಿನ ರೂಪದಲ್ಲಿ ಪಡೆಯುತ್ತಾರೆ. ಆ ಕಾಗದವನ್ನು ಓದಿ ರುಜು ಹಾಕುವವರು ಎಷ್ಟು ಮಂದಿಯೋ! ಅದರಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನೇ ಇಲ್ಲಿ ಕೊಂಚ ದೊಡ್ಡದಾಗಿ ಹೇಳಬೇಕಾಗಿದೆ.

ಈ ಚಿಕಿತ್ಸೆ ಹುಟ್ಟಿದ ಕತೆ ಸ್ವಾರಸ್ಯವಾದುದು. ಶಬ್ದವೇಗವನ್ನು ಮೀರಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೂ ಲೋಹಕ್ಕೆ ಗಾಯವಾಗುತ್ತದೆ. ಜರ್ಮನಿಯ ಡಾರ್ನಿಯರ್ ಎಂಬ ವಿಮಾನ ಕಂಪನಿಯವರು ಇದರ ಕಾರಣವನ್ನು ಶೋಧಿಸುತ್ತಿದ್ದಾಗ, ಹನಿಯ ಹೊಡೆತದಿಂದ ಹುಟ್ಟಿದ ಆಘಾತ ತರಂಗವು ವಸ್ತುವಿನೊಳಗೆ ಸಂಚರಿಸಿ ದೂರದಲ್ಲಿಯೂ ಹಾನಿ ಮಾಡಬಲ್ಲುದೆಂಬುದು ತಿಳಿದುಬಂದಿತು. ವಿಮಾನಕ್ಕೆ ಶತ್ರುವಾದ ಈ ತರಂಗವನ್ನು ವೈದ್ಯಕ್ಕೆ ಮಿತ್ರನನ್ನಾಗಿ ಮಾಡಿಕೊಂಡವರು ಮ್ಯೂನಿಕ್ ನಗರದ ವೈದ್ಯರು. ೧೯೮೦ನೆಯ ಇಸವಿ ಫೆಬ್ರವರಿ ೭ರಂದು ಕ್ರಿಸ್ಟಿಯನ್ ಷೌಸಿ ಮತ್ತು ಅವರ ಸಂಗಡಿಗರು ಮೊದಲ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಸಿ ಮೂತ್ರಪಿಂಡದ ಕಲ್ಲನ್ನು ಒಡೆದರು. ೧೯೮೪ರಲ್ಲಿ ಅಮೆರಿಕದ ಸರ್ಕಾರವೂ ಈ ಯಂತ್ರಕ್ಕೆ ಅನುಮತಿ ಕೊಟ್ಟಿತು. ಅದಕ್ಕೆ ಮುಂಚೆ ಮೂತ್ರಪಿಂಡದ ದೊಡ್ಡ ಕಲ್ಲೆಂದರೆ ಸೊಂಟದ ಪಕ್ಕದಲ್ಲಿ ಗೇಣುದ್ದ ಕೊಯ್ತ, ವಾರಗಟ್ಟಲೆ ಹಾಸಿಗೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರಬಹುದಾದ ಚಿಕಿತ್ಸೆಯನ್ನು ಜಗತ್ತು ಪವಾಡವೆಂದು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. ಗ್ರೀಕ್ ಭಾಷೆಯಿಂದ ಬಂದ ಲಿಥೊಟ್ರಿಪ್ಸಿ ಎಂಬ ಹೆಸರಿಗೆ ಕಲ್ಲನ್ನು ಅರೆಯುವುದು ಎಂದು ಅರ್ಥ.

ಯಂತ್ರದ ಒಳಗುಟ್ಟು ಕಠಿಣವಲ್ಲ. ಬಿಜಾಪುರದ ಗೋಲಗುಂಬಜದಲ್ಲಿ ಒಂದು ಬದಿಯ ಗೋಡೆಯ ಬಳಿ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಕಿವಿಯೊಡ್ಡಿದವನಿಗೆ ಸ್ಪಷ್ಟವಾಗಿ ಕೇಳಿಸುವುದನ್ನು ನೋಡಿದವರು ಬಹಳ ಮಂದಿ. ರೀತಿ ಬೇರೆಯಾದರೂ, ಬಾಗಿದ ಗೋಡೆಯು ದನಿಯನ್ನು ಬೇಕಾದೆಡೆಗೆ ಒಯ್ಯಬಲ್ಲುದೆಂಬ ತತ್ತ್ವ ಇಲ್ಲಿಯೂ ಇದೆ. ಅರ್ಧ ಮೊಟ್ಟೆಯ ಆಕಾರದ ಲೋಹದ ಬಟ್ಟಲಿನೊಳಗೆ, ನೀರಿನಲ್ಲಿ, ಒಂದು ಕಿಡಿ ಹಾರಿಸುತ್ತಾರೆ. ಕಿಡಿಯಿಂದ ಹೊಮ್ಮಿದ ತರಂಗವು ಬಟ್ಟಲಿನ ಗೋಡೆಗೆ ಬಡಿದು ತಿರುಗಿ, ಹೊರಗೆ ಒಂದು ನಿಗದಿಯಾದ ಬಿಂದುವಿನಲ್ಲಿ ಕೂಡಿಕೊಳ್ಳುತ್ತದೆ. ಆ ಬಿಂದುವಿನಲ್ಲಿ ಕಲ್ಲು ಇರುವಂತೆ ರೋಗಿಯನ್ನು ಮಲಗಿಸುವುದೇ ವೈದ್ಯರ ಜಾಣ್ಮೆ. ಮನುಷ್ಯನ ಮಾಂಸವು ಬಹುಮಟ್ಟಿಗೆ ನೀರೇ ಆದುದರಿಂದ ತರಂಗ ಅದರೊಳಗೆ ಹೆಚ್ಚು ತಡೆಯಿಲ್ಲದೆ ಸಾಗುತ್ತದೆ. ಕಲ್ಲು ಸಿಕ್ಕಿದೊಡನೆ ಅದನ್ನು ಹಿಂಡಿ, ಎಳೆದು, ಬಿರುಕು ಬಿಡಿಸುತ್ತದೆ. ಇಂಥ ಪೆಟ್ಟುಗಳು ಒಂದೆರಡಲ್ಲ, ಸಾಮಾನ್ಯವಾಗಿ ಎರಡರಿಂದ ಮೂರು ಸಾವಿರ. ಇಂದಿನ ಯಂತ್ರಗಳಲ್ಲಿ ತೊಟ್ಟಿಯಿಲ್ಲ. ನೀರು ತುಂಬಿದ ಮೆತ್ತೆಯೊಂದನ್ನು ಮೈಗೆ ಒತ್ತಿ ಹಿಡಿಯುತ್ತಾರೆ.

ಆದರೆ ಎರಡು ಸಂಗತಿಗಳನ್ನು ಮರೆಯಲಾಗದು. ರೋಗಿ ಉಸಿರಾಡಿದಂತೆಲ್ಲ ಮೂತ್ರಪಿಂಡವು ಮೇಲಕ್ಕೂ ಕೆಳಕ್ಕೂ ಜಾರುತ್ತಿರುತ್ತದೆ. ಆದುದರಿಂದ ಎಲ್ಲ ಪೆಟ್ಟೂ ಕಲ್ಲಿಗೇ ಬೀಳುವುದಿಲ್ಲ. ಎರಡನೆಯದಾಗಿ, ತರಂಗ ಹಾದುಹೋದ ಹಿಂದೆಯೇ ದ್ರವದಲ್ಲಿ ಅತಿ ಸೂಕ್ಷ್ಮವಾದ ಗುಳ್ಳೆಗಳೆದ್ದು ಕುಸಿಯುತ್ತವೆ. ಈ ಗುಳ್ಳೆಗಳು ಕಲ್ಲನ್ನು ಕೊರೆಯಲು ಸಹಾಯಕ. ಅವೇ ಸಣ್ಣ ರಕ್ತನಾಳದೊಳಗೆ ಎದ್ದರೆ ನಾಳವನ್ನೂ ಹರಿಯುತ್ತವೆ. ಹೃದಯವು ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮೂತ್ರಪಿಂಡಗಳಿಗೆ ಹರಿಯುತ್ತದೆಯೆಂದರೆ, ಅಲ್ಲಿ ನಾಳಗಳು ಎಷ್ಟು ದಟ್ಟವಾಗಿರಬೇಕೆಂಬುದನ್ನು ಊಹಿಸಬಹುದು. ಚಿಕಿತ್ಸೆಯಾದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗಾಗುವುದು ಇದರಿಂದಲೇ. ಅದು ಸಾಮಾನ್ಯ, ಹೆದರಬೇಕಾದುದಲ್ಲ.

ಹೆದರಬೇಕಾದುದು ಬೇರೆ. ಕೆಲವರಲ್ಲಿ ರಕ್ತವು ಮೂತ್ರಪಿಂಡದ ಹೊದಿಕೆಯ ಕೆಳಗೆ ಅಥವಾ ಸುತ್ತಲೂ ಒಟ್ಟಿಕೊಂಡು ಹೆಪ್ಪುಗಟ್ಟುತ್ತದೆ. ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯಲ್ಲಿ ಇದರ ಲೆಕ್ಕವಿದೆ. ರೋಗಿಗೆ ತಿಳಿಯದಂತೆ ಆಗಿ ಮಾಯುವ ಇಂಥ ರಕ್ತದ ಗಂಟುಗಳು ನೂರಕ್ಕೆ ೪ರಿಂದ ೧೯. ನೋವು, ತಲೆಸುತ್ತು, ನಾಡಿಯ ಓಟಗಳಿಂದ ತನ್ನಿರವನ್ನು ಸಾರುವಂಥವು ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದಕ್ಕಿಂತ ಕಡಿಮೆಯೆಂಬುದು ನಿಜವೇ. ಆದರೆ ಆ ಒಬ್ಬನು ಯಾರಾಗಬಹುದೆಂಬುದನ್ನು ಸಾಕಷ್ಟು ಮಟ್ಟಿಗೆ ಮೊದಲೇ ಊಹಿಸಬಹುದಾಗಿದೆ. ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು, ವಯಸ್ಸಾದವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರು, ಇವರಲ್ಲಿ ಭಯ ಹೆಚ್ಚು. ರಕ್ತಸ್ರಾವದ ದೋಷ ಸರಿಯಾಗುವ ತನಕ ಈ ಚಿಕಿತ್ಸೆಯನ್ನೇ ಮಾಡತಕ್ಕದ್ದಲ್ಲ. ಗರ್ಭಿಣಿಯರಿಗಂತೂ ಪೂರ್ಣ ನಿಷೇಧ.

ಮಧ್ಯಮ ವರ್ಗದ ಮನೆಗಳಲ್ಲಿ ಎಡವಟ್ಟಾಗುವುದು ಈ ಮಾತ್ರೆಯ ವಿಷಯದಲ್ಲಿಯೇ. ಮನೆಯ ಹಿರಿಯರಿಗೆ ನಾಲ್ಕೈದು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿರುತ್ತಾರೆ. ಅಂದಿನಿಂದ ರಾತ್ರಿ ಊಟವಾದ ಮೇಲೆ ಒಂದು ಸಣ್ಣ ಆಸ್ಪಿರಿನ್ ಮಾತ್ರೆ. ದಿನವೂ ನುಂಗಿ ನುಂಗಿ ಅದು ಅವರ ಪಾಲಿಗೆ ಔಷಧವೆಂಬುದೇ ಮರೆತುಹೋಗಿ, ಎಲೆಯಡಿಕೆಯ ಸಾಲಿಗೆ ಸೇರಿರುತ್ತದೆ. “ಏನಾದರೂ ಔಷಧ ತಗೋತೀರಾ?” ಎಂದು ವೈದ್ಯರು ಕೇಳಿದರೆ, “ಏನೂ ಇಲ್ಲ, ಆರಾಮ ಇದ್ದೀನಿ” ಎಂಬ ಉತ್ತರ ತಟ್ಟನೆ ಬರುತ್ತದೆ. ಮಾತ್ರೆಯ ಹಾಳೆಗಳನ್ನೆಲ್ಲ, ಪುಡಿ ಕಷಾಯಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯುವುದು ಇದಕ್ಕಿಂತ ಉತ್ತಮ. ಇನ್ನು ಕೆಲವರು ಅತಿ ಬುದ್ಧಿವಂತರು. ಯಾರನ್ನೂ ಕೇಳದೆ ತಾವೇ ಮಾತ್ರೆ ನಿಲ್ಲಿಸಿ ಬರುತ್ತಾರೆ. ಇದು ಮೊದಲಿನದಕ್ಕಿಂತ ಅಪಾಯ. ಮಾತ್ರೆ ನಿಂತರೆ ಹೃದಯದ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನಿಲ್ಲಿಸಬೇಕೆ, ಎಷ್ಟು ದಿನ, ಅಥವಾ ನಿಲ್ಲಿಸಲಾಗದೆಂದು ಬೇರೆ ಚಿಕಿತ್ಸೆ ಹಿಡಿಯಬೇಕೆ ಎಂಬುದನ್ನು ಹೃದಯದ ವೈದ್ಯರೂ ಮೂತ್ರರೋಗದ ವೈದ್ಯರೂ ಕೂಡಿ ನಿರ್ಧರಿಸಬೇಕಾದುದು. ಮೂತ್ರಮಾರ್ಗದಿಂದಲೇ ಸಣ್ಣ ದುರ್ಬೀನು ಏರಿಸಿ, ಲೇಸರ್ ಕಿರಣದಿಂದ ಕಲ್ಲನ್ನು ಪುಡಿ ಮಾಡುವ ಮಾರ್ಗ ಇಂಥವರಿಗೂ ತೆರೆದಿರುತ್ತದೆ.

ಇನ್ನು ಒಡೆದ ಚೂರಿನ ಕತೆ. ಮೂತ್ರಪಿಂಡದಿಂದ ಮೂತ್ರಾಶಯಕ್ಕೆ ಇಳಿಯುವ ನಾಳದ ಉದ್ದ ಸುಮಾರು ೨೫ರಿಂದ ೩೦ ಸೆಂಟಿಮೀಟರು. ಒಳಗಣ ಅಗಲ ಮೂರು ನಾಲ್ಕು ಮಿಲಿಮೀಟರು. ಕಲ್ಲು ದೊಡ್ಡದಾಗಿದ್ದಷ್ಟೂ ಚೂರುಗಳು ಹೆಚ್ಚು. ಅವು ಒಂದರ ಹಿಂದೊಂದು ಈ ಓಣಿಗಿಳಿದು, ಮುಂದಿನದು ಎಲ್ಲಿಯಾದರೂ ಅಡ್ಡಲಾಗಿ ನಿಂತರೆ, ಹಿಂದಿನವೆಲ್ಲ ಜಾತ್ರೆಯ ಬಂಡಿಗಳಂತೆ ಸಾಲುಗಟ್ಟುತ್ತವೆ. ಜರ್ಮನ್ ವೈದ್ಯರು ಇದಕ್ಕೆ ಇಟ್ಟ ಹೆಸರು ಷ್ಟೈನ್‌ಷ್ಟ್ರಾಸೆ. ಕಲ್ಲಿನ ಬೀದಿ ಎಂದು ಅರ್ಥ. ಇದು ಅಷ್ಟೇನೂ ವಿರಳವಲ್ಲ, ನೂರಕ್ಕೆ ೪ರಿಂದ ೭. ಅನೇಕರಲ್ಲಿ ನೀರು ಕುಡಿದು, ಔಷಧ ತೆಗೆದುಕೊಂಡು, ಕೆಲವು ದಿನ ಕಾದರೆ ಬೀದಿ ತಾನೇ ತೆರವಾಗುತ್ತದೆ. ಹೀಗೆ ಕಾಯುವುದಕ್ಕೂ ಒಂದು ಕಟ್ಟಳೆಯುಂಟು: ಜ್ವರವಿರಬಾರದು.

ಏಕೆಂದರೆ ಕೆಲವು ಕಲ್ಲುಗಳು ಬರಿಯ ಕಲ್ಲುಗಳಲ್ಲ, ರೋಗಾಣುಗಳ ಗೂಡು. ಸೋಂಕಿನಿಂದಲೇ ಬೆಳೆದ ಕಲ್ಲಿನ ಪದರ ಪದರಗಳಲ್ಲಿ ರೋಗಾಣುಗಳು ಅಡಗಿರುತ್ತವೆ. ಪೆಟ್ಟು ಬಿದ್ದು ಗೂಡು ಒಡೆದಾಗ ಅವು ಹೊರಗೆ ಬರುತ್ತವೆ. ಮೂತ್ರ ಸರಾಗವಾಗಿ ಹರಿಯುತ್ತಿದ್ದರೆ ಕೊಚ್ಚಿಕೊಂಡು ಹೋದಾವು. ನಾಳ ಕಟ್ಟಿಕೊಂಡಿದ್ದರೆ ಆ ಕೊಳೆತ ಮೂತ್ರ ಹಿಮ್ಮೆಟ್ಟಿ ರಕ್ತಕ್ಕೆ ನಂಜೇರುತ್ತದೆ. ಮಾರ್ಗಸೂಚಿಯ ಲೆಕ್ಕದಂತೆ ನಂಜೇರುವುದು ನೂರಕ್ಕೆ ೧ರಿಂದ ೨.೭. ಚಿಕಿತ್ಸೆಗೆ ಮೊದಲು ಮೂತ್ರವನ್ನು ಪರೀಕ್ಷಿಸಿ, ಸೋಂಕಿದ್ದರೆ ಅದನ್ನು ವಾಸಿ ಮಾಡಿಯೇ ಕಲ್ಲಿಗೆ ಕೈಹಾಕಬೇಕೆಂಬ ನಿಯಮ ಇರುವುದು ಇದಕ್ಕಾಗಿ. ಪರೀಕ್ಷೆಯ ಫಲ ಬರಲು ಎರಡು ಮೂರು ದಿನ ಹಿಡಿಯುತ್ತದೆ. ಆ ವಿಳಂಬಕ್ಕೆ ಬೇಸರಪಡುವವರೇ ಬಹಳ. ಒಮ್ಮೆ ಕಟ್ಟಿಕೊಂಡ ಮೂತ್ರಪಿಂಡದಲ್ಲಿ ನಂಜು ಸೇರಿತೆಂದರೆ ಸೂಜಿಮದ್ದು ಒಂದರಿಂದಲೇ ಕೆಲಸವಾಗದು. ನಾಳದೊಳಗೆ ಸ್ಟೆಂಟ್ ಎಂಬ ಕೊಳವೆಯನ್ನು ಏರಿಸಿಯೋ ಬೆನ್ನಿನ ಕಡೆಯಿಂದ ನಳಿಗೆ ಹಾಕಿಯೋ ಕೂಡಲೇ ಮೂತ್ರವನ್ನು ಹೊರಕ್ಕೆ ಬಿಡಬೇಕು. ಅಲ್ಲಿ ಗಂಟೆಗಳ ಲೆಕ್ಕ.

ಬೇವೂರಿನಂಥ ಊರಿಗೆ ಈ ಗಂಟೆಗಳ ಲೆಕ್ಕ ಬಹಳ ಮುಖ್ಯ. ಮಗನ ಸಂಸಾರ ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದು, ತಂದೆ ಊರಿನಲ್ಲಿ ಹೊಲ ನೋಡಿಕೊಂಡಿರುವ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಹೊಲದ ಬಿಸಿಲಿನಲ್ಲಿ ಬೆವರು ಹರಿದಷ್ಟು ನೀರು ಹೊಟ್ಟೆಗೆ ಬೀಳದೆ, ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟುವುದು ಸಹಜ. ಅಂಥ ಒಬ್ಬ ಹಿರಿಯನು ಮಗನ ಊರಿಗೆ ಬಂದು ಕಲ್ಲು ಒಡೆಸಿಕೊಂಡನೆಂದು ಭಾವಿಸಬಹುದು. ಮರುದಿನ ಬೆಳಿಗ್ಗೆಯೇ ಗಂಟು ಕಟ್ಟಿ ನಿಲ್ಲುತ್ತಾನೆ. “ಹಳ್ಳು ಒಡದ್ರು, ಮುಗೀತು. ಇನ್ನ ಇಲ್ಲಿ ಕುಂತ ಏನ್ ಮಾಡ್ಲಿ? ಹೊಲದಾಗ ಕೆಲಸ ಅದಾವು” ಎಂಬುದು ಅವನ ವಾದ. “ಮಾವಾರ, ಇನ್ನ ನಾಕ ದಿನ ಇರ್ರಿ” ಎಂದು ಸೊಸೆ ಹೇಳಿದರೆ ಉಪಚಾರದ ಮಾತೆಂದು ತಿಳಿಯುತ್ತಾನೆ. ಆದರೆ ಸೊಸೆಯ ಮಾತೇ ವೈದ್ಯಶಾಸ್ತ್ರಕ್ಕೆ ಹತ್ತಿರವಾದುದು. ಚೂರುಗಳು ಇಳಿಯುವುದು, ಸಿಕ್ಕಿಕೊಳ್ಳುವುದು, ನಂಜೇರುವುದು, ಇವೆಲ್ಲ ಆಸ್ಪತ್ರೆಯ ಬಾಗಿಲು ದಾಟಿದ ಮೇಲಿನ ದಿನಗಳ ಕತೆ. ಊರಿಗೆ ಹೋದ ಮೇಲೆ ರಾತ್ರಿ ಚಳಿ ಬಂದು ಮೈ ನಡುಗಿದರೆ, ಬಸ್ಸಿನ ಪ್ರಯಾಣದ ದಣಿವು, ಬಿಸಿಲಿನ ಝಳ ಎಂದು ಹೇಳಿ, ಅಂಗಡಿಯಿಂದ ಜ್ವರದ ಗುಳಿಗೆ ತರಿಸಿ ನುಂಗಿ ಮಲಗುತ್ತಾರೆ. ಗುಳಿಗೆಯಿಂದ ಜ್ವರ ಇಳಿದಂತೆ ಕಾಣುತ್ತದೆ, ನಂಜು ಇಳಿಯುವುದಿಲ್ಲ.

ಆದುದರಿಂದ ಚಿಕಿತ್ಸೆಯಾದ ಮೇಲೆ ಒಂದು ವಾರವಾದರೂ ಆಸ್ಪತ್ರೆ ಕೈಗೆಟುಕುವಷ್ಟು ದೂರದಲ್ಲಿರುವುದು ಲೇಸು. ಊರಿಗೆ ಹೋಗಲೇಬೇಕಾದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ, ರಾತ್ರಿಯಾದರೆ ಯಾರು ಕರೆದೊಯ್ಯುವರು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಬಾಗಲಕೋಟೆಯಲ್ಲಿ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ. ಅಲ್ಲಿಗೆ ಹೋಗುವಾಗ ಚಿಕಿತ್ಸೆ ಮಾಡಿದವರ ಚೀಟಿ ಕೈಯಲ್ಲಿರಬೇಕು. ಉಷ್ಣಮಾಪಕ ೧೦೦.೪ ಡಿಗ್ರಿ ದಾಟಿದರೆ, ಅದರಲ್ಲಿಯೂ ನಡುಕದೊಡನೆ ದಾಟಿದರೆ, ಬೆಳಗಾಗುವ ತನಕ ಕಾಯಲಾಗದು. ಮೂತ್ರ ನಿಂತರೂ, ವಾಂತಿ ನಿಲ್ಲದಿದ್ದರೂ, ಕೊಟ್ಟ ಗುಳಿಗೆಗೆ ಜಗ್ಗದ ಪಕ್ಕೆನೋವಿದ್ದರೂ ಹಾಗೆಯೇ. ಮೂತ್ರದಲ್ಲಿ ರಕ್ತದ ಗಡ್ಡೆಗಳು ಬೀಳುವುದು, ಎದ್ದು ನಿಂತರೆ ಕಣ್ಣು ಕತ್ತಲೆಗೂಡುವುದು ಒಳಗೆ ರಕ್ತ ಸೋರುತ್ತಿರುವುದಕ್ಕೆ ಗುರುತಾಗಬಹುದು.

ಕಲ್ಲನ್ನೂ ಮೂತ್ರಪಿಂಡವನ್ನೂ ಬಿಟ್ಟು ನೆರೆಹೊರೆಗೆ ಪೆಟ್ಟು ತಗಲಿದ ಪ್ರಸಂಗಗಳು ತೀರ ಅಪರೂಪ. ಎಷ್ಟು ಅಪರೂಪವೆಂದರೆ, ಅವಕ್ಕೆ ನೂರಕ್ಕಿಷ್ಟೆಂಬ ಲೆಕ್ಕವೇ ಇಲ್ಲ. ಒಬ್ಬೊಬ್ಬ ರೋಗಿಯ ವೃತ್ತಾಂತವಾಗಿ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಎಡ ಮೂತ್ರಪಿಂಡದ ನೆರೆಯಲ್ಲಿರುವ ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿದುದುಂಟು. ಇಂಥ ರೋಗಿಗೆ ಎಡ ಭುಜ ನೋಯಬಹುದು, ಭುಜಕ್ಕೂ ಕಲ್ಲಿಗೂ ಏನು ಸಂಬಂಧವೆಂದು ಮನೆಯವರು ತಳ್ಳಿಹಾಕುವ ಸಂಭವವುಂಟು. ಮೇದೋಜೀರಕ ಗ್ರಂಥಿ ಉರಿದೆದ್ದುದುಂಟು, ಯಕೃತ್ತಿನಲ್ಲಿ ರಕ್ತ ಕಟ್ಟಿದುದುಂಟು, ಕರುಳು ತೂತಾದುದುಂಟು. ಉಬ್ಬಿ ತೆಳ್ಳಗಾಗಿದ್ದ ಮಹಾಧಮನಿ ಬಿರಿದ ವೃತ್ತಾಂತಗಳೂ ಇವೆ. ಕಲ್ಲಿನ ಸಮೀಪದಲ್ಲಿ ಅಂಥ ಉಬ್ಬು ಇದ್ದರೆ ಈ ಚಿಕಿತ್ಸೆ ಕೂಡದೆಂಬ ನಿಯಮವಿದೆ. ಕರುಳು, ಶ್ವಾಸಕೋಶಗಳ ವಿಷಯದಲ್ಲಿ ಕಾರಣವೂ ಸ್ಪಷ್ಟ. ಮಾಂಸದಿಂದ ಮಾಂಸಕ್ಕೆ ಸುಮ್ಮನೆ ದಾಟುವ ತರಂಗ, ಗಾಳಿ ತುಂಬಿದ ಅಂಗವನ್ನು ಮುಟ್ಟಿದೊಡನೆ ಆ ಗಡಿಯಲ್ಲಿಯೇ ತನ್ನ ಬಲವನ್ನು ತೋರಿಸುತ್ತದೆ. ಸಣ್ಣ ಮಕ್ಕಳಲ್ಲಿ ಮೂತ್ರಪಿಂಡಕ್ಕೂ ಶ್ವಾಸಕೋಶಕ್ಕೂ ಅಂತರ ಕಡಿಮೆಯಾದುದರಿಂದ ಅವರ ಎದೆಯ ಕೆಳಭಾಗಕ್ಕೆ ಫೋಮಿನ ಹಲಗೆಯನ್ನು ಅಡ್ಡವಿಟ್ಟು ಕಾಪಾಡುವ ಪದ್ಧತಿ ಬಂದಿತು.

ಹೃದಯದ ಮಾತು ಬೇರೆ. ಚಿಕಿತ್ಸೆಯ ಹೊತ್ತಿನಲ್ಲಿ ಹೃದಯದ ತಾಳ ತಪ್ಪುವುದು ನೂರಕ್ಕೆ ೧೧ರಿಂದ ೫೯ ಮಂದಿಯಲ್ಲಿ ಕಂಡಿದೆ. ಸಂಖ್ಯೆ ಕೇಳಲು ಭೀಕರ. ಬಹುಪಾಲು ಅದು ಯಂತ್ರ ನಿಲ್ಲಿಸಿದೊಡನೆ ಸರಿಹೋಗುವ ತಾಳಭಂಗ. ಮೊದಲ ಯಂತ್ರಗಳಲ್ಲಿ ಹೃದಯದ ಬಡಿತಕ್ಕೆ ಹೊಂದಿಸಿಯೇ ಪ್ರತಿಯೊಂದು ಪೆಟ್ಟನ್ನೂ ಕೊಡುತ್ತಿದ್ದರು. ಪೇಸ್‌ಮೇಕರ್ ಇರುವವರು ಮಾತ್ರ ಅದನ್ನು ಮೊದಲೇ ಹೇಳಿಕೊಳ್ಳಬೇಕು.

ಪೆಟ್ಟಿನ ಲಯದ ಬಗೆಗೆ ಕಲ್ಲುಕುಟಿಗನಿಗೆ ಗೊತ್ತಿದ್ದುದನ್ನೇ ವೈದ್ಯರೂ ಪ್ರಯೋಗದಿಂದ ಕಂಡುಕೊಂಡಿದ್ದಾರೆ. ನಿಮಿಷಕ್ಕೆ ೧೨೦ ಪೆಟ್ಟುಗಳನ್ನು ಹೊಡೆದು ಬೇಗ ಮುಗಿಸುವುದಕ್ಕಿಂತ ೬೦ರ ನಿಧಾನಗತಿಯಲ್ಲಿ ಹೊಡೆದರೆ ಕಲ್ಲು ಹೆಚ್ಚು ಚೆನ್ನಾಗಿ ಒಡೆಯುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕಡಿಮೆ. ಮೆಲ್ಲನೆಯ ಪೆಟ್ಟಿನಿಂದ ಆರಂಭಿಸಿ ಬಲವನ್ನು ಕ್ರಮವಾಗಿ ಏರಿಸಿದರೆ ರಕ್ತನಾಳಗಳು ಸಂಕೋಚಗೊಂಡು ತಮ್ಮನ್ನು ತಾವೇ ರಕ್ಷಿಸಿಕೊಳ್ಳುತ್ತವೆಂದು ಹಂದಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ವಿಚಿತ್ರವೆಂದರೆ, ಹೊಸ ಯಂತ್ರವೆಲ್ಲ ಹಳೆಯದಕ್ಕಿಂತ ಮೇಲೆಂದು ಹೇಳುವಂತಿಲ್ಲ. ಮುಂದೆ ಬಂದ ಕೆಲವು ಯಂತ್ರಗಳು ಪೆಟ್ಟನ್ನು ಕಿರಿದಾದ ಜಾಗದಲ್ಲಿ ತೀವ್ರವಾಗಿ ಕೂಡಿಸಿದುವು. ನೋವು ಕಡಿಮೆಯಾಯಿತು, ರಕ್ತ ಕಟ್ಟುವುದು ಕಡಿಮೆಯಾಗಲಿಲ್ಲ.

ಬಹುಕಾಲದ ಮೇಲಿನ ಪರಿಣಾಮದ ವಿಷಯ ಇನ್ನೂ ವಾದದಲ್ಲಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ೧೯೮೫ರಲ್ಲಿ ಚಿಕಿತ್ಸೆ ಪಡೆದವರನ್ನು ೧೯ ವರ್ಷಗಳ ಮೇಲೆ ವಿಚಾರಿಸಿ, ಅವರಲ್ಲಿ ಮಧುಮೇಹ ಮತ್ತು ರಕ್ತದೊತ್ತಡ ಹೆಚ್ಚಾಗಿ ಕಂಡವೆಂದು ೨೦೦೬ರಲ್ಲಿ ಪ್ರಕಟಿಸಿದರು. ಬಹಳ ಗುಲ್ಲಾಯಿತು. ಆಮೇಲಿನ ಅಧ್ಯಯನಗಳು ಇದನ್ನು ಒಂದೇ ದನಿಯಲ್ಲಿ ಸಮರ್ಥಿಸಲಿಲ್ಲ. ಕಲ್ಲು ಬರುವವರಿಗೆ ಈ ಎರಡು ರೋಗಗಳು ಸ್ವಭಾವತಃ ಹೆಚ್ಚೆಂಬುದೂ ನೆನಪಿಡತಕ್ಕ ಸಂಗತಿ. ವರ್ಷಕ್ಕೊಮ್ಮೆ ರಕ್ತದೊತ್ತಡವನ್ನು ನೋಡಿಸಿಕೊಂಡರೆ ನಷ್ಟವೇನೂ ಇಲ್ಲ.

ಕಲ್ಲಿನ ಜಾತಿಯ ಮೇಲೆಯೂ ಬಹಳ ನಿಂತಿದೆ. ಎರಡು ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಸಿಸ್ಟೀನ್‌ನಂಥ ಗಡಸು ಕಲ್ಲು, ಮೂತ್ರಪಿಂಡದ ತಳದ ಮೂಲೆಯಲ್ಲಿ ಕುಳಿತ ಕಲ್ಲು, ಇವುಗಳಿಗೆ ಈ ಮಾರ್ಗ ಅಷ್ಟಾಗಿ ಒಪ್ಪುವುದಿಲ್ಲ. ಒಪ್ಪದ ಕಲ್ಲಿಗೆ ಮೇಲಿಂದ ಮೇಲೆ ಪೆಟ್ಟು ಕೊಡಿಸಿಕೊಳ್ಳುವುದಕ್ಕಿಂತ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ತೆಗೆಯುವುದೋ ಲೇಸರಿನಿಂದ ಒಡೆಯುವುದೋ ಮೇಲು. ಒಡೆದು ಉಳಿದ ಚೂರು ಮತ್ತೆ ಬೆಳೆಯುವ ಸಂಭವವೂ ಸಣ್ಣದಲ್ಲ, ನೂರಕ್ಕೆ ೨೧ರಿಂದ ೫೯. ಅದಕ್ಕಾಗಿಯೇ ಕೆಲವು ವಾರಗಳ ಮೇಲೆ ಮತ್ತೊಮ್ಮೆ ಚಿತ್ರ ತೆಗೆಸಿ ನೋಡುತ್ತಾರೆ. ಅಷ್ಟರತನಕ ಬಾಳೆದಿಂಡಿನ ರಸ, ಹುರುಳಿಕಟ್ಟು ಮೊದಲಾದುವನ್ನು ಕುಡಿಯುವವರು ಕುಡಿಯಲಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಇಳಿಯುವಷ್ಟು ನೀರು ಹೊಟ್ಟೆಗೆ ಹೋಗುತ್ತಿರಬೇಕು. ಆ ದಿನಗಳಲ್ಲಿ ಮೂತ್ರವನ್ನು ತೆಳು ಬಟ್ಟೆಯಿಂದಲೋ ಚಹದ ಸೋಸುಕದಿಂದಲೋ ಸೋಸಿ (ಆ ಸೋಸುಕ ಮತ್ತೆ ಅಡಿಗೆಮನೆಗೆ ಹೋಗದಿರಲಿ) ಸಿಕ್ಕ ಚೂರುಗಳನ್ನು ಒಣಗಿಸಿ, ಸಣ್ಣ ಶೀಶೆಯಲ್ಲಿ ಹಾಕಿ ವೈದ್ಯರಿಗೆ ತಲುಪಿಸಬೇಕು. ಅದು ಕ್ಯಾಲ್ಸಿಯಂ ಆಕ್ಸಲೇಟಿನದೋ, ಯೂರಿಕ್ ಆಮ್ಲದ್ದೋ, ಸೋಂಕಿನದೋ ಎಂಬುದು ಪ್ರಯೋಗಾಲಯದಲ್ಲಿ ತಿಳಿಯುತ್ತದೆ. ಯೂರಿಕ್ ಆಮ್ಲದ್ದಾದರೆ, ಮುಂದಿನ ಸಲ ಪೆಟ್ಟಿನ ಗೊಡವೆಯೇ ಇಲ್ಲದೆ, ಮೂತ್ರದ ಹುಳಿಯನ್ನು ತಗ್ಗಿಸುವ ಔಷಧದಿಂದಲೇ ಅದನ್ನು ಕರಗಿಸಲು ಸಾಧ್ಯವಾದೀತು.